ಕರಿಬೇವು ಬೋಳಾಯಿತು, ಚಿಟ್ಟೆ ಮಾತ್ರ ಕಾಣಲಿಲ್ಲ!

ಓದುಗರ ಪ್ರಶ್ನೆ: ಸಕಲೇಶಪುರ ತಾಲ್ಲೂಕಿನ ಹಾನುಬಾಳು ಕಡೆ ನಮ್ಮ ಮನೆ. ಸುತ್ತ ಸುಮಾರು 8 ಗುಂಟೆ ಖಾಲಿ ಜಾಗ, ಅದರ ಹಿಂದೆ 3 ಎಕರೆ ಕಾಫಿ, ಮೆಣಸು. ಚಿಟ್ಟೆಗಳು ಬರಲಿ ಎಂದು ಮಾರ್ಚ್‌ನಲ್ಲಿ ಒಂದು ನರ್ಸರಿಯಿಂದ ಪೆಂಟಾಸ್, ಲಂಟಾನ, ಚೆಂಡುಹೂವಿನ ಗಿಡ ತಂದು ನೆಟ್ಟೆ. ಏಪ್ರಿಲ್ ಕೊನೆಗೆ ನೀಲಿ-ಕಪ್ಪು ಬಣ್ಣದ ಚಿಟ್ಟೆಗಳು ರಾಶಿ ರಾಶಿ ಬಂದವು. ಮೇ ಮುಗಿಯುವಷ್ಟರಲ್ಲಿ ಒಂದೂ ಇಲ್ಲ. ಈಗ ಸೆಪ್ಟೆಂಬರ್. ಚಿಟ್ಟೆ ಬದಲು ಹುಳ ಬಂದಿವೆ. ಅತ್ತೆಯವರ ಕರಿಬೇವಿನ ಗಿಡ ಬೋಳಾಗಿದೆ. 'ಈ ಹುಳ ನಾಳೆ ಕಾಫಿಗೆ, ಮೆಣಸಿಗೆ ಹತ್ತುತ್ತದೆ' ಎಂದು ಪಕ್ಕದ ತೋಟದವರು ಹೆದರಿಸುತ್ತಿದ್ದಾರೆ. ಮಗಳಿಗೆ ಕಂಬಳಿಹುಳ ತಾಗಿ ಕೈಯೆಲ್ಲ ದದ್ದು ಎದ್ದಿತ್ತು. ದಾಸವಾಳದ ತುಂಬ ಬಿಳಿ ಹಿಟ್ಟಿನಂಥ ಹುಳ. ಔಷಧಿ ಹೊಡೆದುಬಿಡಿ ಎನ್ನುತ್ತಾರೆ ಅತ್ತೆ. ನನಗೋ ಗುಲಗಂಜಿ ಹುಳದಂಥ ಉಪಕಾರಿ ಕೀಟಗಳೂ ಬೇಕು, ನಮ್ಮ ರಾಜ್ಯದ ಚಿಟ್ಟೆಯೂ ಬರಬೇಕು ಅಂತ ಆಸೆ. ಈಶ್ವರಿ ಬಳ್ಳಿ ಹಾಕಿದರೆ ಅದು ಬರುತ್ತದಂತೆ, ಹಾವು ಹತ್ತಿರ ಸುಳಿಯುವುದಿಲ್ಲವಂತೆ. ನಿಜವಾ? ಅಥವಾ ಈ ಆಸೆಯನ್ನೇ ಬಿಟ್ಟುಬಿಡಲಾ?

ಉತ್ತರ: ಬಿಡಬೇಡಿ. ನಿಮ್ಮ ಪತ್ರ ಓದಿ ನನಗೆ ಸಣ್ಣಗೆ ನಗು ಬಂತು, ಬೇಸರ ಮಾಡಿಕೊಳ್ಳಬೇಡಿ. ಚಿಟ್ಟೆ ಬದಲು ಹುಳ ಬಂತು ಎಂದು ಬರೆದಿದ್ದೀರಿ. ಆ ಹುಳಗಳೇ ಚಿಟ್ಟೆಗಳು. ಇನ್ನೂ ರೆಕ್ಕೆ ಮೂಡಿಲ್ಲ, ಅಷ್ಟೆ. ನೀವು ದುಡ್ಡು ಕೊಟ್ಟು ತಂದ ಗಿಡಗಳಿಗಿಂತ ಅತ್ತೆಯವರ ಕರಿಬೇವೇ ಒಳ್ಳೆಯ ಚಿಟ್ಟೆ ತೋಟವಾಗಿದೆ.

ನಂಬಿಕೆ ಬರದಿದ್ದರೆ ಕರಿಬೇವಿನ ಹುಳವೊಂದನ್ನು ಹತ್ತಿರದಿಂದ ನೋಡಿ. ಚಿಕ್ಕದಾದರೆ ಎಲೆಯ ಮೇಲೆ ಹಕ್ಕಿ ಹಿಕ್ಕೆ ಬಿದ್ದ ಹಾಗೆ ಕಂದು-ಬಿಳಿಯಾಗಿರುತ್ತದೆ. ದೊಡ್ಡದಾದರೆ ಎಲೆಯಷ್ಟೇ ಹಸಿರು, ಮೈಮೇಲೆ ಕೂದಲಿಲ್ಲ. ಒಂದು ಕಡ್ಡಿಯಿಂದ ಮೆಲ್ಲಗೆ ಮುಟ್ಟಿ. ತಲೆಯ ಹಿಂದಿನಿಂದ ಕವಲು ನಾಲಿಗೆಯಂಥ ಕೆಂಪು ಕೊಂಬೊಂದು ಹೊರಗೆ ಬರುತ್ತದೆ, ಜೊತೆಗೆ ಘಾಟು ವಾಸನೆ. ಹಾಗಾದರೆ ಅದು ಕಾಮನ್ ಮಾರ್ಮನ್ ಅಥವಾ ಲೈಮ್ ಬಟರ್‌ಫ್ಲೈ. ಎರಡೂ ನಿಂಬೆ ಜಾತಿಯ ಗಿಡಗಳ ಮಕ್ಕಳು. ಕರಿಬೇವು ಕೂಡ ಆ ಕುಟುಂಬದ್ದೇ. ಮೊಟ್ಟೆಯಿಂದ ಚಿಟ್ಟೆಯಾಗುವುದಕ್ಕೆ ಹೆಚ್ಚು ಕಡಿಮೆ ಒಂದು ತಿಂಗಳು. ಮೊದಲ ದಿನಗಳಲ್ಲಿ ಹುಳ ತಿನ್ನುವುದು ಕಣ್ಣಿಗೇ ಬೀಳುವುದಿಲ್ಲ. ಕೊನೆಯ ನಾಲ್ಕೈದು ದಿನ ಮಾತ್ರ ಬಕಾಸುರನ ಹಾಗೆ ತಿನ್ನುತ್ತದೆ. ನಿನ್ನೆ ಸರಿಯಿದ್ದ ಗಿಡ ಇವತ್ತು ಬೋಳಾಗಿ ಕಾಣುವುದು ಇದಕ್ಕೇ.

ಇನ್ನು ಆ ನೀಲಿ-ಕಪ್ಪು ಚಿಟ್ಟೆಗಳು. ನಿಮ್ಮ ವಿವರಣೆ ನೋಡಿದರೆ ಅವು ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್ ಮತ್ತು ಅವುಗಳ ಜೊತೆಗಾರ ಕಾಮನ್ ಕ್ರೋ ಇರಬೇಕು. ಇವು ವಲಸೆ ಹೋಗುವ ಚಿಟ್ಟೆಗಳು. ಮುಂಗಾರು ಹಿಡಿಯುವ ಮೊದಲು ಪಶ್ಚಿಮ ಘಟ್ಟ ಬಿಟ್ಟು ಪೂರ್ವದ ಬಯಲಿನ ಕಡೆ ಹೊರಡುತ್ತವೆ. ನಿಮ್ಮ ಪೆಂಟಾಸ್ ಅವುಗಳಿಗೆ ದಾರಿ ಬದಿಯ ಹೋಟೆಲು. ತಿಂಡಿ ತಿಂದವು, ಹೊರಟವು. ಅಕ್ಟೋಬರ್-ನವೆಂಬರ್‌ನಲ್ಲಿ ಮತ್ತೆ ಘಟ್ಟದ ಕಡೆ ವಾಪಸು ಬರುತ್ತವೆ. ಜೂನ್‌ನಿಂದ ಆಗಸ್ಟ್‌ವರೆಗೆ ಸಕಲೇಶಪುರದಂಥ ಮಳೆಯಲ್ಲಿ ಉಳಿದ ಚಿಟ್ಟೆಗಳೂ ಹಾರುವುದು ಕಡಿಮೆ. ಚಿಟ್ಟೆ ಹಾರಬೇಕಾದರೆ ಮೈ ಬಿಸಿಯಾಗಬೇಕು, ಅದಕ್ಕೆ ಬಿಸಿಲು ಬೇಕು. ಹಾಗಾಗಿ ಮೂರು ತಿಂಗಳು ತೋಟ ಖಾಲಿ ಕಂಡಿದ್ದರಲ್ಲಿ ನಿಮ್ಮ ತಪ್ಪೇನೂ ಇಲ್ಲ.

ಆದರೆ ಒಂದು ಕಡೆ ಎಡವಿದ್ದೀರಿ. ನಿಮ್ಮೊಬ್ಬರದೇ ಅಲ್ಲ, ಚಿಟ್ಟೆ ತೋಟ ಮಾಡುವ ಹತ್ತರಲ್ಲಿ ಎಂಟು ಜನರದು ಇದೇ ಕಥೆ. ಎಲ್ಲರೂ ಹೂವಿನ ಲೆಕ್ಕ ಹಾಕುತ್ತಾರೆ, ಎಲೆಯ ಲೆಕ್ಕ ಹಾಕುವುದಿಲ್ಲ. ಹೂವಿಗೆ ಬರುವ ಚಿಟ್ಟೆ ನೆಂಟ. ಎಲೆ ಸಿಕ್ಕರೆ ಅದೇ ಸಂಸಾರ ಹೂಡುತ್ತದೆ. ಹೂವಿನ ವಿಷಯದಲ್ಲಿ ಚಿಟ್ಟೆಗಳಿಗೆ ಅಂಥ ಹಟವಿಲ್ಲ, ಮಕರಂದ ಸಿಕ್ಕರೆ ಸಾಕು. ಎಲೆಯ ವಿಷಯದಲ್ಲಿ ಮಾತ್ರ ಮಹಾ ಹಟಮಾರಿ. ಹೆಣ್ಣು ಚಿಟ್ಟೆ ಎಲೆಯ ಮೇಲೆ ಕೂತು ಮುಂಗಾಲಿನಿಂದ ಬಡಿದು ಬಡಿದು ರುಚಿ ನೋಡುತ್ತದೆ. ಅದರ ನಾಲಿಗೆ ಕಾಲಿನಲ್ಲಿದೆ ಎಂದರೂ ಸರಿ. ತನ್ನ ಮರಿ ತಿನ್ನಬಲ್ಲ ಗಿಡ ಇದೇ ಎಂದು ಖಾತ್ರಿಯಾದರೆ ಮಾತ್ರ ಮೊಟ್ಟೆ ಇಡುತ್ತದೆ. ಗಿಡಗಳು ತಮ್ಮನ್ನು ಕಾಪಾಡಿಕೊಳ್ಳಲು ಎಲೆಯಲ್ಲಿ ಒಂದೊಂದು ಬಗೆಯ ವಿಷ ತುಂಬಿಕೊಂಡಿರುತ್ತವೆ. ಒಂದು ಜಾತಿಯ ಹುಳಕ್ಕೆ ಒಂದೆರಡು ಬಗೆಯ ವಿಷವನ್ನು ಅರಗಿಸಿಕೊಳ್ಳುವುದು ಗೊತ್ತು, ಬೇರೆಯದು ಆಗಿ ಬರುವುದಿಲ್ಲ. ಕರಿಬೇವಿನ ಹುಳವನ್ನು ಕಾಫಿ ಎಲೆಯ ಮೇಲೆ ಬಿಟ್ಟರೆ ಅದು ಹಸಿವಿನಿಂದ ಸಾಯುತ್ತದೆಯೇ ಹೊರತು ಕಾಫಿ ತಿನ್ನುವುದಿಲ್ಲ.

ಪಕ್ಕದ ತೋಟದವರ ಮಾತಿಗೆ ಉತ್ತರವೂ ಇದರಲ್ಲೇ ಸಿಕ್ಕಿತು, ಅಲ್ವಾ? ಕಾಫಿಯ ನಿಜವಾದ ಶತ್ರುಗಳು ಬಿಳಿ ಕಾಂಡಕೊರಕ, ಕಾಯಿಕೊರಕ, ಹಿಟ್ಟು ತಿಗಣೆ, ಹಸಿರು ತಿಗಣೆ. ಮೊದಲೆರಡು ದುಂಬಿಗಳು, ಕೊನೆಯವು ರಸ ಹೀರುವ ತಿಗಣೆಗಳು. ಮೆಣಸಿನ ಪೊಳ್ಳು ಕಾಯಿಗೆ ಕಾರಣವೂ ಒಂದು ದುಂಬಿ. ಚಿಟ್ಟೆ ಈ ಪಟ್ಟಿಯಲ್ಲಿ ಎಲ್ಲೂ ಇಲ್ಲ.

ಹಾಗೆಂದು ಎಲ್ಲಾ ಚಿಟ್ಟೆಗಳೂ ಸಂಭಾವಿತರು ಎಂದು ನಾನು ಹೇಳುವುದಿಲ್ಲ. ಲೈಮ್ ಬಟರ್‌ಫ್ಲೈ ಕಿತ್ತಳೆ, ನಿಂಬೆ ನರ್ಸರಿಯ ಎಳೆ ಸಸಿಗಳನ್ನು ಬರೀ ಕಡ್ಡಿ ಮಾಡಿಬಿಡುತ್ತದೆ. ಅಂಥ ಸಸಿಗಳಿದ್ದರೆ ಸೊಳ್ಳೆ ಪರದೆಯ ಬಟ್ಟೆ ಮುಚ್ಚಿ. ಪೀ ಬ್ಲೂ ಎಂಬ ಸಣ್ಣ ನೀಲಿ ಚಿಟ್ಟೆಯ ಹುಳ ಅವರೆ, ತೊಗರಿ, ಅಲಸಂದೆಯ ಕಾಯಿ ಕೊರೆಯುತ್ತದೆ. ಏಲಕ್ಕಿ ಕಾಯಿ ಕೊರೆಯುವ ನೀಲಿ ಚಿಟ್ಟೆಯೂ ಒಂದಿದೆ. ನಿಮ್ಮಲ್ಲಿ ಏಲಕ್ಕಿ ಇದ್ದರೆ ಅದು ನೀವು ತೋಟ ಮಾಡಿದರೂ ಬರುತ್ತದೆ, ಮಾಡದಿದ್ದರೂ ಬರುತ್ತದೆ.

ಮಗಳ ದದ್ದಿನ ವಿಷಯ. ಕನ್ನಡದಲ್ಲಿ ನಾವು ಹಾರುವುದನ್ನೆಲ್ಲ ಚಿಟ್ಟೆ ಎಂದು ಕರೆಯುತ್ತೇವೆ, ಏರೋಪ್ಲೇನ್ ಚಿಟ್ಟೆಯನ್ನೂ ಸೇರಿಸಿ! ತುರಿಕೆ ತರುವ ಕಂಬಳಿಹುಳಗಳು ಪತಂಗದ ಮರಿಗಳು, ಅಂದರೆ ರಾತ್ರಿ ದೀಪಕ್ಕೆ ಬರುತ್ತವಲ್ಲ, ಅವುಗಳದು. ನಿಮ್ಮ ಹಿತ್ತಲಲ್ಲಿ ನುಗ್ಗೆ ಮರ ಇದೆಯಾ ನೋಡಿ. ಮಳೆಗಾಲದಲ್ಲಿ ಅದರ ಕಾಂಡದ ಮೇಲೆ ಕಂದು ಕಂಬಳಿ ಹೊದಿಸಿದ ಹಾಗೆ ಗುಂಪಾಗಿ ಕೂರುತ್ತವೆ. ನನ್ನ ಅನುಮಾನ ಅದರ ಮೇಲೆಯೇ. ಕಾಫಿ ಕುಯ್ಯುವಾಗ ಎಲೆಯ ಅಡಿ ಕೂತು ಕರೆಂಟ್ ಹೊಡೆದಂತೆ ಚುಚ್ಚುವ ಗೊಂಡೆಹುಳದಂಥದ್ದೂ ಪತಂಗದ್ದೇ. ಚಿಟ್ಟೆಯ ಹುಳಗಳಲ್ಲಿ ಕೆಲವಕ್ಕೆ ಮುಳ್ಳು ಇರುತ್ತದೆ, ನೋಡಲು ಭಯವಾಗುತ್ತದೆ, ಆದರೆ ನಮ್ಮ ಕಡೆಯವು ಬಹುಪಾಲು ಬರೀ ತೋರಿಕೆಯವು. ಮಕ್ಕಳಿಗೆ ಒಂದೇ ನಿಯಮ ಹೇಳಿಕೊಡಿ: ಕೂದಲಿದ್ದರೆ ಕೈ ಹಾಕಬೇಡ. ತಾಗಿದರೆ ಉಜ್ಜಬಾರದು. ಅಂಟು ಟೇಪನ್ನು ಒತ್ತಿ ಎತ್ತಿದರೆ ಕೂದಲು ಟೇಪಿಗೆ ಬರುತ್ತದೆ. ಆಮೇಲೆ ಸೋಪು ನೀರಿನಲ್ಲಿ ತೊಳೆದು ತಣ್ಣನೆ ಬಟ್ಟೆ ಇಡಿ. ಕಣ್ಣಿಗೆ ತಾಗಿದ್ದರೆ ಮಾತ್ರ ಮನೆ ಮದ್ದು ಬೇಡ, ಸೀದಾ ಡಾಕ್ಟರ ಹತ್ತಿರ ಹೋಗಿ.

ಈಗ ದಾಸವಾಳಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ನನಗೆ ಅತಿ ಮುಖ್ಯ ಅನಿಸಿದ್ದು ಇದು. ಔಷಧಿ ಹೊಡೆಯುವ ಮೊದಲು ಹತ್ತು ನಿಮಿಷ ಕೊಡಿ.

ಕೆಲವು ವರ್ಷದ ಹಿಂದೆ ಬಾಳೆಹೊನ್ನೂರು ಕಡೆಯ ಬೆಳೆಗಾರರೊಬ್ಬರು ನನಗೆ ಫೋನ್ ಮಾಡಿದರು. ಕಾಫಿ ಗಿಡದಲ್ಲಿ ಹಿಟ್ಟು ತಿಗಣೆ, ಎರಡು ಸಲ ಔಷಧಿ ಹೊಡೆದೆ, ಈಗ ಅದಕ್ಕಿಂತ ದೊಡ್ಡ ಜಾತಿಯದು ಬಂದಿದೆ, ಓಡಾಡುತ್ತದೆ ಎಂದರು. ಹೋಗಿ ನೋಡಿದೆ. ದೊಡ್ಡದು ಅಂದಿದ್ದು ಹಿಟ್ಟು ತಿಗಣೆಯನ್ನು ತಿನ್ನುವ ಗುಲಗಂಜಿ ಹುಳದ ಮರಿ. ಹೆಸರು ಕ್ರಿಪ್ಟೋಲೀಮಸ್. ಅದರ ಮರಿಯೂ ಬಿಳಿ ಮೇಣದ ಎಳೆ ಹೊದ್ದುಕೊಂಡು ಥೇಟ್ ಹಿಟ್ಟು ತಿಗಣೆಯ ಹಾಗೆ ಕಾಣುತ್ತದೆ. ಕುರಿಮಂದೆಗೆ ಕುರಿ ಚರ್ಮ ಹೊದ್ದು ನುಗ್ಗಿದ ತೋಳ. ಪಾಪ, ಅವರು ಮೂರನೆಯ ಸಲ ಹೊಡೆಯಲು ಬ್ಯಾರೆಲ್ ತುಂಬಿಸಿಟ್ಟಿದ್ದರು. ಶತ್ರುವಿನ ಶತ್ರುವನ್ನು ಕೊಲ್ಲಲು!

ಈ ಕ್ರಿಪ್ಟೋಲೀಮಸ್ ನಮ್ಮೂರಿನದಲ್ಲ. 1898ರಲ್ಲಿ ಕಾಫಿಯ ಹಸಿರು ತಿಗಣೆಯನ್ನು ಹತೋಟಿಗೆ ತರಲು ಆಸ್ಟ್ರೇಲಿಯಾದಿಂದ ದಕ್ಷಿಣ ಭಾರತಕ್ಕೆ ತಂದರು. ಆ ಕೆಲಸ ಅದಕ್ಕೆ ಅಷ್ಟಾಗಿ ಕೈಹತ್ತಲಿಲ್ಲ. ಹಿಟ್ಟು ತಿಗಣೆಗೆ ಮಾತ್ರ ಯಮನಾಯಿತು. ಬೆಳೆದು ರೆಕ್ಕೆ ಬಂದ ಹುಳ 4 ಮಿಲಿಮೀಟರ್ ಇದ್ದರೆ ಹೆಚ್ಚು. ಕಪ್ಪು ಬೆನ್ನು, ಕಿತ್ತಳೆ ಬಣ್ಣದ ತಲೆ.

ನಮ್ಮದೇ ಊರಿನ ಇನ್ನೊಬ್ಬ ಇದ್ದಾನೆ, ನನಗೆ ಅವನ ಮೇಲೆ ಪ್ರೀತಿ ಜಾಸ್ತಿ. ಏಪ್‌ಫ್ಲೈ ಎಂಬ ಸಣ್ಣ ಬೂದು ಚಿಟ್ಟೆ. ಇದರ ಮರಿ ಎಲೆ ಮುಟ್ಟುವುದೇ ಇಲ್ಲ. ಹಿಟ್ಟು ತಿಗಣೆಯನ್ನು ತಿಂದೇ ಬೆಳೆಯುತ್ತದೆ, ಅವುಗಳ ಹಿಟ್ಟನ್ನೇ ಮೈಗೆ ಬಳಿದುಕೊಂಡು ಅವುಗಳ ನಡುವೆಯೇ ಮಲಗಿರುತ್ತದೆ. ಕೋಶ ಕಟ್ಟಿದಾಗ ಅದನ್ನು ಮೇಲಿನಿಂದ ನೋಡಿ, ಕಣ್ಣು ಮೂಗು ಎಲ್ಲ ಇರುವ ಪುಟ್ಟ ಮಂಗನ ಮುಖ ನಿಮ್ಮನ್ನೇ ನೋಡುತ್ತಿರುತ್ತದೆ. ಹೆಸರು ಬಂದದ್ದೇ ಅದರಿಂದ. ನೀವು ಚಿಟ್ಟೆಯೂ ಬೇಕು, ಉಪಕಾರಿ ಕೀಟವೂ ಬೇಕು ಎಂದಿರಿ. ಎರಡೂ ಒಂದರಲ್ಲೇ ಇದೆ, ಅದೂ ನೀವು ವಿಷ ಹೊಡೆಯಲು ಹೊರಟಿರುವ ದಾಸವಾಳದಲ್ಲೇ ಇರಬಹುದು.

ಪರೀಕ್ಷೆ ಸುಲಭ. ಹುಲ್ಲಿನ ಕಡ್ಡಿಯಿಂದ ಬಿಳಿ ಹುಳವನ್ನು ತಿವಿಯಿರಿ. ಹಿಟ್ಟು ತಿಗಣೆ ಅಂಟಿಕೊಂಡ ಜಾಗ ಬಿಟ್ಟು ಹೆಚ್ಚು ಅಲ್ಲಾಡುವುದಿಲ್ಲ, 3-4 ಮಿಲಿಮೀಟರ್ ಇರುತ್ತದೆ. ಅದಕ್ಕಿಂತ ಎರಡು ಮೂರು ಪಟ್ಟು ದೊಡ್ಡದಿದ್ದು, ಹತ್ತಿಯ ಎಳೆ ಅಂಟಿಸಿಕೊಂಡ ಹಾಗೆ ಇದ್ದು, ಸರಸರ ನಡೆದುಕೊಂಡು ಹೋದರೆ ಅದು ಗುಲಗಂಜಿ ಹುಳದ ಮರಿ. ಅದು ಕಂಡರೆ ಆ ಗಿಡಕ್ಕೆ ಕೈ ಹಚ್ಚಬೇಡಿ. ಬರೀ ಹಿಟ್ಟು ತಿಗಣೆಯೇ ಇದ್ದರೆ ತೀರಾ ಹೆಚ್ಚಿರುವ ತುದಿಗಳನ್ನು ಕತ್ತರಿಸಿ ಸುಟ್ಟುಬಿಡಿ, ಉಳಿದದ್ದಕ್ಕೆ ಪೈಪಿನಿಂದ ಜೋರಾಗಿ ನೀರು ಬಿಡಿ. ಮುಖ್ಯವಾದದ್ದು ಇರುವೆ. ತಿಗಣೆ ಬಿಡುವ ಸಿಹಿ ರಸಕ್ಕಾಗಿ ಇರುವೆಗಳು ಅವಕ್ಕೆ ಕಾವಲು ಕಾಯುತ್ತವೆ, ಗುಲಗಂಜಿ ಹುಳವನ್ನು ಹತ್ತಿರ ಬಿಡುವುದಿಲ್ಲ. ಕಾಂಡಕ್ಕೆ ಒಂದು ಪ್ಲಾಸ್ಟಿಕ್ ಪಟ್ಟಿ ಸುತ್ತಿ, ಅದರ ಮೇಲೆ ಗ್ರೀಸ್ ಸವರಿ. ಇರುವೆಯ ದಾರಿ ನಿಂತರೆ ಅರ್ಧ ಕೆಲಸ ಮುಗಿದಂತೆ. ಕಾಫಿಯಲ್ಲೇ ಹಿಟ್ಟು ತಿಗಣೆ ಇದ್ದರೆ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯವರನ್ನು ಕೇಳಿ. ಈ ಬಗೆಯ ಉಪಕಾರಿ ಕೀಟಗಳ ಕೆಲಸ ಅವರಿಗೆ ಹಳೆಯದು.

ಇಂಥ ಕೀಟಗಳ ಶಕ್ತಿ ಎಷ್ಟೆಂದು ಅನುಮಾನವಿದ್ದರೆ ಪಪ್ಪಾಯಿಯ ಕಥೆ ನೆನಪಿಸಿಕೊಳ್ಳಿ. 2008ರಲ್ಲಿ ಪಪ್ಪಾಯಿ ಹಿಟ್ಟು ತಿಗಣೆ ದಕ್ಷಿಣ ಭಾರತಕ್ಕೆ ನುಗ್ಗಿತು. ಪಪ್ಪಾಯಿ, ಹಿಪ್ಪುನೇರಳೆ, ಮರಗೆಣಸು ಎಲ್ಲ ಹಾಳಾಯಿತು. ಔಷಧಿ ಹೊಡೆದು ಹೊಡೆದು ರೈತರು ಸುಸ್ತಾದರು. 2010ರಲ್ಲಿ ಪೋರ್ಟೊ ರಿಕೊದಿಂದ ಕಣ್ಣಿಗೆ ಕಾಣದಷ್ಟು ಚಿಕ್ಕ ಕಣಜಗಳನ್ನು ತರಿಸಿ ಬಿಟ್ಟರು. ತಿಂಗಳುಗಳಲ್ಲಿ ತಿಗಣೆ ಅಡಗಿತು.

ಸರಿ, ಏನು ನೆಡಬೇಕು? 8 ಗುಂಟೆಗೂ ಒಟ್ಟಿಗೆ ಕೈ ಹಾಕಬೇಡಿ. ಬೆಳಗಿನ ಬಿಸಿಲು ಬೀಳುವ, ಗಾಳಿ ಹೊಡೆತ ಕಡಿಮೆ ಇರುವ ಒಂದು ಗುಂಟೆ ಆರಿಸಿಕೊಳ್ಳಿ. ಕಾಫಿ ತೋಟದ ನೆರಳಿಗೆ ಅಂಟಿಕೊಂಡ ಜಾಗ ಬೇಡ. ಹಿಂಬದಿಗೆ ಒಂದು ದಾಲ್ಚಿನ್ನಿ, ಒಂದು ಸಂಪಿಗೆ ಇರಲಿ. ದಾಲ್ಚಿನ್ನಿಯ ಕೆಂಪು ಚಿಗುರಿಗೆ ಬ್ಲೂಬಾಟಲ್ ಬರುತ್ತದೆ, ರೆಕ್ಕೆಯ ನಡುವೆ ನೀಲಿ ಪಟ್ಟೆ ಇರುವ ಚುರುಕಾದ ಚಿಟ್ಟೆ. ಸಂಪಿಗೆಗೆ, ಸೀತಾಫಲಕ್ಕೆ ಟೇಲ್ಡ್ ಜೇ. ಜೊತೆಗೊಂದು ಹೇರಳೆ ಗಿಡ ಹಾಕಿ. ಅದು ನಿಮ್ಮ ಕರಿಬೇವಿನ ಬೀಗರ ಮನೆ. ಹುಳ ಚಿಕ್ಕದಿರುವಾಗಲೇ ಎಲೆ ಸಮೇತ ಕಿತ್ತು ಅಲ್ಲಿಗೆ ಸಾಗಿಸಬಹುದು. ದೊಡ್ಡದಾದ ಮೇಲೆ ಒಂದು ಎಲೆಯ ರುಚಿ ಹತ್ತಿದ ಹುಳ ಬೇರೆಯದಕ್ಕೆ ಮೂಗು ಮುರಿಯುವುದುಂಟು. ಹೇರಳೆ ದೊಡ್ಡದಾದರೆ ಬ್ಲೂ ಮಾರ್ಮನ್ ಕೂಡ ಬರುತ್ತದೆ. ಅಂಗೈ ಅಗಲದ ಕಪ್ಪು ರೆಕ್ಕೆ, ಅದರ ಮೇಲೆ ತಿಳಿನೀಲಿ. ನೋಡಿದರೆ ನೀವು ಪೆಂಟಾಸ್ ಮರೆತುಬಿಡುತ್ತೀರಿ.

ಅದರ ಮುಂದೆ ಕೇಪಳ, ರಥಪುಷ್ಪ, ಗೋರಟೆ. ರಥಪುಷ್ಪದ ಕೆಂಪು ಗೋಪುರಕ್ಕೆ ದೊಡ್ಡ ಚಿಟ್ಟೆಗಳು ಮುಗಿಬೀಳುತ್ತವೆ. ಗೋರಟೆಯ ಎಲೆ ಪ್ಯಾನ್ಸಿ ಜಾತಿಯ ಹುಳಗಳಿಗೆ. ಪೆಂಟಾಸ್ ಹೇಗೂ ಇದೆ, ಇರಲಿ. ಒಂದೊಂದು ಗಿಡವನ್ನು ಅಲ್ಲಲ್ಲಿ ಚೆಲ್ಲಬೇಡಿ. ಒಂದೇ ಜಾತಿಯದು ನಾಲ್ಕೈದು ಒಟ್ಟಿಗಿರಲಿ, ದೂರದಿಂದ ಕಣ್ಣಿಗೆ ಬೀಳುತ್ತದೆ. ಚೆಂಡುಹೂವು ಸುತ್ತ ನೆಟ್ಟರೆ ಯಾವ ಕೀಟವೂ ಬರುವುದಿಲ್ಲ ಎನ್ನುವುದು ಸುಮ್ನೆ ಮಾತು. ಬೇರಿನ ಜಂತುಹುಳಕ್ಕೆ ಅದು ಒಳ್ಳೆಯದು, ಟೊಮೆಟೊ ಕಾಯಿಕೊರಕವನ್ನು ತನ್ನತ್ತ ಸೆಳೆದುಕೊಳ್ಳುತ್ತದೆ, ಅಷ್ಟೇ. ದಟ್ಟ ಎಸಳಿನ ದೊಡ್ಡ ಚೆಂಡಿನಲ್ಲಿ ಚಿಟ್ಟೆಯ ಕೊಳವೆಗೆ ದಾರಿಯೇ ಇರುವುದಿಲ್ಲ. ಒಂಟಿ ಸುತ್ತು ಎಸಳಿನ ಜಾತಿ ಹುಡುಕಿ.

ಲಂಟಾನದ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ. ಚಿಟ್ಟೆ ಬರುತ್ತದೆ, ಒಪ್ಪುತ್ತೇನೆ. ಆದರೆ ಹಕ್ಕಿ ಅದರ ಹಣ್ಣು ತಿಂದು ಕಾಡಿಗೆ ಒಯ್ಯುತ್ತದೆ, ದನ ತಿಂದರೆ ವಿಷ. ಘಟ್ಟದ ಅಂಚಿನಲ್ಲಿ ಕೂತು ನಾವೇ ಅದನ್ನು ಕುಂಡದಲ್ಲಿ ಸಾಕುವುದು ಬೇಡ. ಈ ವರ್ಷವೇ ಕಿತ್ತುಬಿಡಿ.

ಎಲ್ಲಕ್ಕಿಂತ ಮುಂದಿನ ಅಂಚಿನಲ್ಲಿ ಏನೂ ನೆಡಬೇಡಿ. ಕಳೆ ಕೊಚ್ಚುವ ಯಂತ್ರ ಅಲ್ಲಿಗೆ ಹೋಗದಿದ್ದರೆ ಸಾಕು. ತುಂಬೆ ಹುಟ್ಟುತ್ತದೆ, ಪುಲ್ಲಂಪುರಚಿ ಹರಡುತ್ತದೆ, ತಗಚೆ ಏಳುತ್ತದೆ. ಬೆರಳುಗುರಿನಷ್ಟಿರುವ ನೀಲಿ ಚಿಟ್ಟೆಗೆ ಪುಲ್ಲಂಪುರಚಿಯೇ ತವರು. ಹಳದಿ ಚಿಟ್ಟೆಗೆ ತಗಚೆ. ಕಂದು ಬುಷ್ ಬ್ರೌನ್‌ಗಳಿಗೆ ಬರೀ ಹುಲ್ಲು. ಇವೆಲ್ಲ ದುಡ್ಡಿಲ್ಲದೆ ಬರುವಂಥವು. ಹಾವು, ಇಂಬಳದ ಭಯ ಇದ್ದೇ ಇರುತ್ತದೆ. ಅದಕ್ಕೆ ಈ ಅಂಚನ್ನು ಬಾಗಿಲಿನಿಂದ, ಮಕ್ಕಳು ಓಡಾಡುವ ದಾರಿಯಿಂದ ಒಂದು 30 ಅಡಿ ದೂರ ಇಡಿ. ಮಾವಿನ ಮರದಲ್ಲಿ ಬಂದಳಿಕೆ ಇದ್ದರೆ ಒಂದೇ ಒಂದು ಗೊಂಚಲು ಬಿಟ್ಟು ಉಳಿದದ್ದನ್ನು ಕೊಯ್ಯಿರಿ. ಜೆಜೆಬೆಲ್ ಎಂಬ ಹಳದಿ-ಕೆಂಪು ಚೆಲುವೆ ಅದರ ಮೇಲೆ ಮಾತ್ರ ಮೊಟ್ಟೆ ಇಡುತ್ತದೆ. ಸಿಲ್ವರ್ ಓಕ್‌ನಲ್ಲಿ ಮಾತ್ರ ಈ ಧಾರಾಳತನ ಬೇಡ. ಬಂದಳಿಕೆ ಹಕ್ಕಿಯಿಂದ ಹರಡುತ್ತದೆ, ಆಮೇಲೆ ಹಿಡಿತಕ್ಕೆ ಸಿಗುವುದಿಲ್ಲ.

ನೆಡುವ ಕಾಲ ಈಗಲೇ. ನಿಮ್ಮ ಕಡೆ ಆರಿದ್ರ, ಪುಷ್ಯ ಮಳೆಯಲ್ಲಿ ನೆಟ್ಟ ಎಳೆ ಕಡ್ಡಿ ಕೊಳೆಯುವುದೇ ಹೆಚ್ಚು. ಹುಬ್ಬೆ, ಉತ್ತರೆ ಮಳೆಯ ಹದ ಒಳ್ಳೆಯದು. ಅರಸೀಕೆರೆ, ಕಡೂರು ಕಡೆಯ ಓದುಗರು ಇದನ್ನು ಹಾಗೇ ನಕಲು ಮಾಡಬೇಡಿ. ನಿಮ್ಮದು ಒಣ ಸೀಮೆ. ನಿಮಗೆ ಎಕ್ಕ, ತಂಗಡಿ, ಎಲಚಿ, ಬಿಲ್ವ, ಕಕ್ಕೆ ಹೇಳಿ ಮಾಡಿಸಿದ್ದು. ಎಕ್ಕಕ್ಕೆ ಪ್ಲೇನ್ ಟೈಗರ್, ಕಕ್ಕೆಗೆ ಹಸಿರು-ಹಳದಿ ಎಮಿಗ್ರಂಟ್, ಬಿಲ್ವಕ್ಕೆ ಅದೇ ಲೈಮ್ ಬಟರ್‌ಫ್ಲೈ.

ಉಪಕಾರಿ ಕೀಟಗಳಿಗೆ ಬೇರೆ ತೋಟ ಬೇಕಿಲ್ಲ. ಅಡಿಗೆ ತೋಟದಲ್ಲಿ ಕೊತ್ತಂಬರಿ, ಸಬ್ಬಸಿಗೆ, ಸಾಸಿವೆಯ ಒಂದೊಂದು ಸಾಲನ್ನು ಕೀಳದೆ ಹೂವಾಗಲು ಬಿಡಿ. ಪುಟ್ಟ ಹೂವಿನ ಮೇಲುಮೇಲೆ ಇರುವ ಮಕರಂದ ಸಣ್ಣ ಕಣಜಗಳಿಗೆ, ಹೂನೊಣಗಳಿಗೆ ಸಿಗುತ್ತದೆ. ಹೂನೊಣದ ಮರಿ ಸಸ್ಯಹೇನುಗಳನ್ನು ತಿನ್ನುತ್ತದೆ. ಅವರೆ ಕುಡಿಯಲ್ಲಿ ಹೇನು ಕಂಡ ಕೂಡಲೇ ಗಾಬರಿಯಾಗಬೇಡಿ. ಹೇನಿಲ್ಲದೆ ಗುಲಗಂಜಿ ಹುಳ ಬರುವುದಿಲ್ಲ. ಊಟವಿಲ್ಲದ ಮನೆಗೆ ಯಾರು ಬರುತ್ತಾರೆ? ತುಳಸಿ, ತುಂಬೆ, ಕೇಪಳ ಇದ್ದರೆ ತುಡುವೆ ಜೇನಿಗೂ ಆಯಿತು. ಕಾಫಿ ಹೂವು ಮೂರು ದಿನದ ಜಾತ್ರೆ, ಉಳಿದ ದಿನ ಜೇನು ಏನು ತಿನ್ನಬೇಕು? ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ರೊಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕೇ ಬೇಕು. ನಿಮ್ಮದು ರೊಬಸ್ಟಾ ಆಗಿದ್ದರೆ ಪಕ್ಕದವರಿಗೆ ಹೇಳಲು ಒಂದು ಒಳ್ಳೆಯ ಕಾರಣ ಸಿಕ್ಕಿತು.

ಒಂದು ಅಗ್ಗದ ಉಪಾಯ. ಅಗಲ ತಟ್ಟೆಯಲ್ಲಿ ಮರಳು ತುಂಬಿ, ಚಿಟಿಕೆ ಉಪ್ಪು ಹಾಕಿ, ಸದಾ ಒದ್ದೆ ಇಡಿ. ಗಂಡು ಚಿಟ್ಟೆಗಳು ಉಪ್ಪಿನಂಶ ಹೀರಲು ಗುಂಪಾಗಿ ಕೂರುತ್ತವೆ. ಕೊಟ್ಟಿಗೆಯ ಗಂಜಲ ಹರಿಯುವ ಕಡೆ ನೀವು ಈಗಾಗಲೇ ನೋಡಿರಬಹುದು. ಮರಳಿನ ಮೇಲೆ ನೀರು ನಿಲ್ಲಬಾರದು, ಸೊಳ್ಳೆ ಆಗುತ್ತದೆ. ಕೊಳೆತ ಬಾಳೆ, ಹಲಸಿನ ತೊಳೆಗೆ ಹೂವಿನತ್ತ ತಿರುಗಿಯೂ ನೋಡದ ಜಾತಿಯ ಚಿಟ್ಟೆಗಳು ಬರುತ್ತವೆ.

ಈಗ ಈಶ್ವರಿ ಬಳ್ಳಿ. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್. ರೆಕ್ಕೆ ಬಿಚ್ಚಿದರೆ 14ರಿಂದ 19 ಸೆಂಟಿಮೀಟರ್, ಕಪ್ಪು ಮತ್ತು ಹೊಳೆಯುವ ಹಳದಿ. ಘಟ್ಟದ ಚಿಟ್ಟೆ, ಹಾಗಾಗಿ ನಿಮ್ಮ ಊರಿಗೆ ಬರುವ ಸಾಧ್ಯತೆ ಚೆನ್ನಾಗಿದೆ. ಈಶ್ವರಿ ಬಳ್ಳಿ ಅದರ ಮರಿಗಳ ಆಹಾರ, ಆ ಮಾತು ನಿಜ. ಒಂದು ಬಳ್ಳಿ ಸಾಲುವುದಿಲ್ಲ, ಒಂದೇ ಹುಳ ಅದನ್ನು ಮುಗಿಸಿಬಿಡುತ್ತದೆ. ಬೇಲಿಗೆ ಐದಾರು ಹಬ್ಬಿಸಿ, ಮೊದಲ ವರ್ಷ ಬಲಿಯಲು ಬಿಡಿ. ಕಾಡಿನಿಂದ ಬೇರು ಸಮೇತ ಕಿತ್ತು ತರಬೇಡಿ, ಬೀಜ ಅಥವಾ ಕಡ್ಡಿ ಸಾಕು. ನರ್ಸರಿಗಳಲ್ಲಿ ಬಾತುಕೋಳಿಯ ಆಕಾರದ ದೊಡ್ಡ ಹೂ ಬಿಡುವ, ಇದೇ ಜಾತಿಯ ವಿದೇಶಿ ಬಳ್ಳಿ ಸಿಗುತ್ತದೆ. ಚೆಂದ ಎಂದು ಅದನ್ನು ತರಬೇಡಿ. ಆಸ್ಟ್ರೇಲಿಯಾದಲ್ಲಿ ರಿಚ್ಮಂಡ್ ಬರ್ಡ್‌ವಿಂಗ್ ಇಂಥದೇ ವಿದೇಶಿ ಬಳ್ಳಿಗೆ ಮೋಸಹೋಗಿ ಮೊಟ್ಟೆ ಇಟ್ಟು, ಮರಿಗಳು ಅದನ್ನು ತಿಂದು ಸತ್ತದ್ದು ಗೊತ್ತಿರುವ ವಿಷಯ.

ಬರ್ಡ್‌ವಿಂಗ್‌ಗಿಂತ ಮೊದಲು ಕ್ರಿಮ್ಸನ್ ರೋಸ್, ಕಾಮನ್ ರೋಸ್ ಬರುತ್ತವೆ. ಈಶ್ವರಿ ಬಳ್ಳಿಯ ವಿಷವನ್ನು ಮೈಯಲ್ಲಿ ತುಂಬಿಕೊಂಡ ಇವುಗಳನ್ನು ಹಕ್ಕಿ ಮುಟ್ಟುವುದಿಲ್ಲ. ತಮಾಷೆ ಏನು ಗೊತ್ತಾ? ನಿಮ್ಮ ಕರಿಬೇವಿನ ಕಾಮನ್ ಮಾರ್ಮನ್ ಇದೆಯಲ್ಲ, ಅದರ ಕೆಲವು ಹೆಣ್ಣುಗಳು ಈ ರೋಸ್ ಚಿಟ್ಟೆಗಳ ವೇಷ ಹಾಕುತ್ತವೆ. ವಿಷವಿಲ್ಲದಿದ್ದರೂ ವಿಷದ ಸೀರೆ ಉಟ್ಟು ಬಚಾವಾಗುತ್ತವೆ. ಬೇಲಿಯಲ್ಲಿ ಈಶ್ವರಿ, ಹಿತ್ತಲಲ್ಲಿ ಕರಿಬೇವು ಇದ್ದರೆ ಅಸಲು ನಕಲು ಎರಡೂ ಒಂದೇ ಅಂಗಳದಲ್ಲಿ ನೋಡಬಹುದು.

ಹಾವಿನ ಮಾತು ನಂಬಬೇಡಿ. ಬಳ್ಳಿಯ ಬುಡದಲ್ಲೇ ಹಾವು ಮಲಗಿರಬಹುದು. ಹಾವು ಕಡಿದರೆ ಇದರ ಬೇರು ಕೊಡುವುದು, ಹೊಟ್ಟೆನೋವಿಗೆ ಎಲೆ ಅರೆದು ಕುಡಿಸುವುದು ಹಳ್ಳಿಗಳಲ್ಲಿ ಇನ್ನೂ ಇದೆ. ದಯವಿಟ್ಟು ಬೇಡ. ಇದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡವನ್ನು ಹಾಳುಮಾಡುತ್ತದೆ, ಕ್ಯಾನ್ಸರ್ ತರುತ್ತದೆ. ಹಾವು ಕಡಿದರೆ ಆಸ್ಪತ್ರೆಯ ಇಂಜೆಕ್ಷನ್ ಒಂದೇ ದಾರಿ. ಎಕ್ಕದ ಹಾಲು ಕಣ್ಣಿಗೆ ಅಪಾಯ, ಕಣಗಿಲೆ ಪೂರ್ತಿ ವಿಷ. ಚಿಕ್ಕ ಮಗು ಇರುವ ಮನೆಯಲ್ಲಿ ಈಶ್ವರಿ, ಎಕ್ಕ, ಕಣಗಿಲೆ ಈ ಮೂರನ್ನೂ ಬೇಲಿಯಾಚೆಗೆ ಇಡಿ. ವಲಸೆ ಚಿಟ್ಟೆಗಳಿಗಾಗಿ ಹಸಿರೆಲೆ ಗೊಬ್ಬರದ ಸೆಣಬು ಒಂದು ಪಟ್ಟಿ ಬಿತ್ತಬಹುದು. ಅದರ ಒಣಗಿದ ಕಡ್ಡಿಗೆ ಬ್ಲೂ ಟೈಗರ್ ಗಂಡುಗಳು ಜೋತುಬೀಳುತ್ತವೆ. ಆದರೆ ಅವರೆ ಚಪ್ಪರದ ಹತ್ತಿರ ಬೇಡ, ಆಗ ಹೇಳಿದ ಪೀ ಬ್ಲೂಗೂ ಸೆಣಬು ಇಷ್ಟ. ದನಗಳಿಗೂ ಅದರ ಕಾಯಿ ಸಿಗಬಾರದು.

ಒಂದು ಕಹಿ ಮಾತು ಮೊದಲೇ ಹೇಳಿಬಿಡುತ್ತೇನೆ. ನೀವು ಕೇಳಿದ ಎರಡು ಬಗೆಯ ಅತಿಥಿಗಳಿಗೆ ಪರಸ್ಪರ ಆಗಿಬರುವುದಿಲ್ಲ. ಕಣಜ ಬರುತ್ತದೆ, ನಿಮ್ಮ ಮಾರ್ಮನ್ ಹುಳವನ್ನು ಉಂಡೆ ಕಟ್ಟಿ ಗೂಡಿಗೆ ಒಯ್ಯುತ್ತದೆ. ಸೂರ್ಯನ ಕುದುರೆ ಕೇಪಳದ ಮೇಲೆ ಕೈಮುಗಿದು ಕೂತು ಚಿಟ್ಟೆಯನ್ನೇ ಹಿಡಿಯುತ್ತದೆ. ಚಿಗಳಿ ಇರುವೆ ಮರಿಹುಳ ಒಂದನ್ನೂ ಬಿಡುವುದಿಲ್ಲ. ನನ್ನದೇ ಮನೆಯ ನಿಂಬೆ ಗಿಡದಲ್ಲಿ ಒಂದು ವರ್ಷ ಎಣಿಸಿದ್ದೆ. ಹನ್ನೆರಡು ಮೊಟ್ಟೆಯಲ್ಲಿ ಕೋಶದವರೆಗೆ ಬಂದದ್ದು ಒಂದು. ಆ ಕೋಶದಿಂದ ಹೊರಬಂದದ್ದೂ ಚಿಟ್ಟೆಯಲ್ಲ, ಪುಟ್ಟ ಕಣಜಗಳು. ಬೇಜಾರಾಯಿತು, ಸುಳ್ಳೇಕೆ ಹೇಳಲಿ. ಹುಳಗಳನ್ನು ಡಬ್ಬದಲ್ಲಿ ಸಾಕಿ ಉಳಿಸುವವರಿದ್ದಾರೆ. ಮಗಳಿಗೆ ತೋರಿಸಲು ಒಂದೆರಡು ಸಾಕಿ, ತಪ್ಪಿಲ್ಲ. ಹೆಚ್ಚು ತುಂಬಿದರೆ ಒಂದರ ರೋಗ ಇನ್ನೊಂದಕ್ಕೆ ಹತ್ತುತ್ತದೆ.

ನಿಜವಾದ ಅಪಾಯ ಔಷಧಿಯದು. ನರ್ಸರಿಯಿಂದ ತಂದ ಗಿಡದ ಒಳಗೇ ಹರಿದಾಡುವ ಕೀಟನಾಶಕ ಇರಬಹುದು, ಇಮಿಡಾಕ್ಲೋಪ್ರಿಡ್‌ನಂಥವು. ಎಲೆ ಹಸಿರಾಗಿ ಕಾಣುತ್ತದೆ, ತಿಂದ ಹುಳ ಸಾಯುತ್ತದೆ. ಅದಕ್ಕೇ ಮರಿಹುಳದ ಗಿಡಗಳನ್ನು ಬೀಜದಿಂದಲೋ, ಗೊತ್ತಿರುವವರ ಹಿತ್ತಲಿನ ಕಡ್ಡಿಯಿಂದಲೋ ಬೆಳೆಸಿ ಎನ್ನುವುದು. ಸಾವಯವ ಎಂದು ಬೇವಿನೆಣ್ಣೆ ಹೊಡೆದರೂ ಮರಿಹುಳಗಳಿಗೆ ಏಟೇ. ಬಿ.ಟಿ. ಎಂಬ, ಬ್ಯಾಕ್ಟೀರಿಯಾದಿಂದ ಮಾಡಿದ ಹುಳನಾಶಕ ಪುಡಿಯಂತೂ ಒಳ್ಳೆಯ ಹುಳ ಕೆಟ್ಟ ಹುಳ ನೋಡುವುದಿಲ್ಲ. ಪಕ್ಕದ ತೋಟದವರು ಕಾಫಿಗೆ ಕ್ಲೋರ್‌ಪೈರಿಫಾಸ್ ಹೊಡೆದ ದಿನ ಗಾಳಿ ನಿಮ್ಮ ಕಡೆ ಇದ್ದರೆ ಒಂದೇ ಮಧ್ಯಾಹ್ನಕ್ಕೆ ಎಲ್ಲ ಮುಗಿಯುತ್ತದೆ. ಹೊಡೆಯಬೇಡಿ ಎಂದು ಹೇಳಲಾಗದು, ಅವರ ಬೆಳೆ ಅವರದು. ಹಿಂದಿನ ದಿನ ಒಂದು ಫೋನ್ ಮಾಡಿ, ಗಾಳಿ ನಿಂತ ಬೆಳಗಿನ ಹೊತ್ತು ಹೊಡೆಸಿ ಎಂದು ಕೇಳಬಹುದು. ಆ ಗಡಿಗೆ ದಾಸವಾಳವೋ ಕಾಫಿಯೋ, ಯಾವುದಾದರೂ ಒತ್ತಾದ ಸಾಲು ಇದ್ದರೆ ಸ್ವಲ್ಪ ತಡೆಯುತ್ತದೆ.

ಕರಿಬೇವು ಸಾಯುವುದಿಲ್ಲ ಎಂದು ಅತ್ತೆಯವರಿಗೆ ಹೇಳಿ. ಬೇರು ಗಟ್ಟಿಯಿರುವ ಗಿಡ ಕೆಲವು ವಾರದಲ್ಲಿ ಮತ್ತೆ ಚಿಗುರುತ್ತದೆ, ಕವಲೂ ಹೆಚ್ಚುತ್ತದೆ. ಅಲ್ಲಿಯವರೆಗೆ ಒಗ್ಗರಣೆಗೆ ನಾಲ್ಕೆಸಳು ಪಕ್ಕದ ತೋಟದವರ ಮನೆಯಿಂದಲೇ ಕೇಳಿ ತನ್ನಿ. ಹೋದಾಗ ಔಷಧಿ ಹೊಡೆಯುವ ದಿನದ ಮಾತನ್ನೂ ಆಡಿ ಬರಬಹುದು.